ಹುಟ್ಟಿದ ವರ್ಷ ಸುಳ್ಳು ಹಾಕಿದ್ದು ನಾನೇ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಮೊಬೈಲ್ ಅಂಗಡಿ ಇದೆ. ರಿಪೇರಿ, ರೀಚಾರ್ಜ್, ಕವರ್, ಸ್ಕ್ರೀನ್ ಗಾರ್ಡ್, ಇಷ್ಟೇ ವ್ಯಾಪಾರ. 2011ರಲ್ಲಿ ಶುರು ಮಾಡಿದಾಗ ಹುಡುಗರು ಮೆಮೊರಿ ಕಾರ್ಡ್ ಹಿಡಿದುಕೊಂಡು ಬರುತ್ತಿದ್ದರು. ಹಾಡು ತುಂಬಿಸಿಕೊಟ್ಟರೆ 20 ರೂಪಾಯಿ. 2016ರಲ್ಲಿ ಜಿಯೋ ಬಂತು. ಹಾಡು ತುಂಬಿಸೋ ವ್ಯಾಪಾರ ನೋಡನೋಡುತ್ತಲೇ ನಿಂತುಹೋಯಿತು. ಆಮೇಲೆ ಅದೇ ಹುಡುಗರ ತಮ್ಮಂದಿರು, ತಂಗಿಯರು ಬೇರೆ ಕೆಲಸಕ್ಕೆ ಬರೋಕೆ ಶುರು ಮಾಡಿದರು.

"ಅಣ್ಣಾ, ಒಂದು ಐಡಿ ಮಾಡಿಕೊಡ್ರಿ."

ಐಡಿ ಅಂದ್ರೆ ಇನ್‌ಸ್ಟಾಗ್ರಾಂ ಥರದ ಸೋಷಿಯಲ್ ಮೀಡಿಯಾ ಆ್ಯಪ್‌ನಲ್ಲಿ ಒಂದು ಖಾತೆ. ಅದನ್ನ ಮಾಡೋದು ದೊಡ್ಡ ಕೆಲಸ ಅಲ್ಲ. ನಂಬರ್ ಹಾಕಬೇಕು, ಓಟಿಪಿ ಬರುತ್ತೆ, ಹೆಸರು ಹಾಕಬೇಕು, ಆಮೇಲೆ ಹುಟ್ಟಿದ ದಿನ. ಎಲ್ಲ ಇರೋದು ಅಲ್ಲೇ. 11 ವರ್ಷದ ಹುಡುಗನ ನಿಜವಾದ ವರ್ಷ ಹಾಕಿದರೆ ಮುಂದಕ್ಕೆ ಹೋಗಲ್ಲ. 13 ತುಂಬಿರಬೇಕು. ಈ 13 ಅನ್ನೋದು ನಮ್ಮ ದೇಶದ ಲೆಕ್ಕ ಅಲ್ಲ. ಮಕ್ಕಳ ಮಾಹಿತಿ ಕಾಪಾಡಬೇಕು ಅಂತ ಅಮೆರಿಕದಲ್ಲಿ 1998ರಲ್ಲಿ ಒಂದು ಕಾನೂನು ಮಾಡಿದರು, ಅಲ್ಲಿಂದ ಬಂದಿದ್ದು. ನಾನೇನು ಮಾಡುತ್ತಿದ್ದೆ ಅಂದ್ರೆ, ವರ್ಷವನ್ನ ಹಿಂದಕ್ಕೆ ಸರಿಸುತ್ತಿದ್ದೆ. 1995, 1998, ಬೆರಳಿಗೆ ಸಿಕ್ಕಿದ್ದು. ಮುಂದಕ್ಕೆ ಅಂತ ಒತ್ತಿದರೆ ಐಡಿ ರೆಡಿ. ಎಷ್ಟು ಮಕ್ಕಳಿಗೆ ಹೀಗೆ ಮಾಡಿಕೊಟ್ಟೆ ಅನ್ನೋ ಲೆಕ್ಕ ನನ್ನ ಹತ್ತಿರ ಇಲ್ಲ. ನನ್ನ ಮಗಳಿಗೂ ಹಾಗೇ ಮಾಡಿಕೊಟ್ಟೆ. ಅವಳಿಗೆ ಆಗ 9 ವರ್ಷ.

ಮಕ್ಕಳಿಗೆ ಸೋಷಿಯಲ್ ಮೀಡಿಯಾ ಬಂದ್ ಮಾಡಬೇಕಾ ಬೇಡವಾ ಅನ್ನೋ ಮಾತು ಈಗ ಎಲ್ಲ ಕಡೆ ಜೋರಾಗಿದೆ. ಇದರ ಬಗ್ಗೆ ಬರೆಯಬೇಕು ಅಂತ ತುಂಬ ದಿನದಿಂದ ಅಂದುಕೊಳ್ಳುತ್ತಿದ್ದೆ. ಆದ್ರೆ ನಾನು ಮಾಡಿದ್ದನ್ನ ಮೊದಲು ಹೇಳದೆ ಬೇರೆಯವರಿಗೆ ಬುದ್ಧಿ ಹೇಳೋದು ಸರಿ ಅನ್ನಿಸಲಿಲ್ಲ.

ಎರಡು ವರ್ಷದ ಹಿಂದಿನ ಮಾತು. ಒಂದು ರಾತ್ರಿ ಅಂಗಡಿ ಮುಚ್ಚಿ ಮನೆಗೆ ಹೋದರೆ ನನ್ನ ಹೆಂಡತಿ ಮಗಳ ಫೋನ್ ಹಿಡಿದುಕೊಂಡು ಕೂತಿದ್ದಳು. ಒಂದು ಆ್ಯಪ್ ತೆಗೆದು ತೋರಿಸಿದಳು. ಮದುವೆಗೆ ವರ ನೋಡಿಕೊಡೋ ಜಾಹೀರಾತು, ಸಾಲ ಕೊಡೋ ಜಾಹೀರಾತು. ಕೆಳಗೆ ಹೋದರೆ ಗೊತ್ತೇ ಇಲ್ಲದ ಗಂಡಸರ ಮೆಸೇಜುಗಳು. ಮಗಳು 6ನೇ ತರಗತಿ. ಹೆಂಡತಿ ನನ್ನ ಕೇಳಿದ್ದು ಒಂದೇ ಮಾತು, "ಇವರಿಗೆಲ್ಲ ಇವಳು ಸಣ್ಣಾಕಿ ಅಂತ ಗೊತ್ತಾಗಂಗಿಲ್ಲೇನ್ರೀ?"

ಹೇಗೆ ಗೊತ್ತಾಗುತ್ತೆ? ಆ ಆ್ಯಪ್ ಲೆಕ್ಕದಲ್ಲಿ ಅವಳು 26 ವರ್ಷದ ಹೆಂಗಸು. ಹಾಗಂತ ಬರೆದುಕೊಟ್ಟವನು ನಾನು.

ಆ ರಾತ್ರಿಯಿಂದ ಈ ಹುಟ್ಟಿದ ವರ್ಷದ ವಿಷಯ ನನ್ನ ತಲೆಯಿಂದ ಹೋಗಿಲ್ಲ. ಇನ್‌ಸ್ಟಾಗ್ರಾಂನವರು 2025ರ ಫೆಬ್ರವರಿಯಲ್ಲಿ ನಮ್ಮ ದೇಶಕ್ಕೂ ಹದಿಹರೆಯದ ಮಕ್ಕಳ ಖಾತೆ ಅಂತ ಬೇರೆ ಒಂದು ತಂದರು. ಅದು ತಾನಾಗೇ ಪ್ರೈವೇಟ್ ಇರುತ್ತೆ. ಪರಿಚಯ ಇಲ್ಲದವರು ಮೆಸೇಜ್ ಕಳಿಸೋಕೆ ಆಗಲ್ಲ. ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ನೋಟಿಫಿಕೇಶನ್ ಬರಲ್ಲ. 16ರ ಒಳಗಿನವರು ಇದನ್ನ ಸಡಿಲ ಮಾಡಿಕೊಳ್ಳಬೇಕು ಅಂದ್ರೆ ಅಪ್ಪ ಅಮ್ಮ ಒಪ್ಪಬೇಕು. ಒಳ್ಳೆಯದೇ. ಆದ್ರೆ 1998 ಅಂತ ಹಾಕಿರೋ ಮಗುವಿಗೆ ಇದರಲ್ಲಿ ಒಂದೂ ಸಿಗಲ್ಲ, ಅಲ್ವಾ?

ಈ ಮಕ್ಕಳ ಕೈಗೆ ಫೋನ್ ಹೇಗೆ ಬಂತು ಅನ್ನೋದನ್ನ ನಾವು ಬೇಗ ಮರೆತಿದ್ದೇವೆ. 2020ರ ಮಾರ್ಚ್ 10ಕ್ಕೆ ದೇಶದ ಮೊದಲ ಕೊರೊನಾ ಸಾವು ಆಗಿದ್ದು ನಮ್ಮ ಕಲಬುರಗಿಯಲ್ಲೇ. ನಾಲ್ಕೈದು ದಿನದಲ್ಲಿ ಇಡೀ ಊರು ಖಾಲಿ. ಶಾಲೆಗೆ ಬೀಗ ಬಿತ್ತು, ಆಮೇಲೆ ಆನ್‌ಲೈನ್ ಕ್ಲಾಸ್ ಅಂದರು. ಅಂಗಡಿ ತೆಗೆಯೋಕೆ ಬಿಟ್ಟ ಮೇಲೆ ಹಳ್ಳಿಗಳಿಂದ ಜನ ಬಂದರು ನೋಡಿ, ಜೇವರ್ಗಿ ಕಡೆಯವರು, ಆಳಂದ ಕಡೆಯವರು, ಎಲ್ಲರಿಗೂ ಸೆಕೆಂಡ್ ಹ್ಯಾಂಡ್ ಫೋನ್ ಬೇಕು. ಎರಡು ಆಡು ಮಾರಿ ದುಡ್ಡು ತಂದಿದ್ದ ಒಬ್ಬ ಮುತ್ಯಾ ಇನ್ನೂ ಕಣ್ಣ ಮುಂದೆ ಇದ್ದಾರೆ. ಮಗ ಸೊಸೆ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು, ಮೊಮ್ಮಗ ಇವರ ಹತ್ತಿರ. ಫೋನನ್ನ ಆ ಕಡೆ ಈ ಕಡೆ ತಿರುಗಿಸಿ ನೋಡಿ ಕೇಳಿದರು, "ತಮ್ಮಾ, ಇದ್ರಾಗ ಸಾಲಿ ಬರ್ತದೇನು?"

ಬರುತ್ತೆ ಅಂತ ಹೇಳಿ ಮಾರಿದೆ. ಸುಳ್ಳಂತೂ ಹೇಳಲಿಲ್ಲ. ಆದ್ರೆ ಅದರಲ್ಲಿ ಇನ್ನೂ ಏನೇನು ಬರುತ್ತೆ ಅಂತ ನಾನು ಹೇಳಲಿಲ್ಲ. ಅವರಿಗೂ ಕೇಳೋಕೆ ಗೊತ್ತಿರಲಿಲ್ಲ. ಶಾಲೆ ತೆರೆದ ಮೇಲೂ ಫೋನ್ ಮಕ್ಕಳ ಕೈಯಲ್ಲೇ ಉಳಿಯಿತು.

ಅಸರ್ ಅಂತ ಒಂದು ಸಮೀಕ್ಷೆ ಇದೆ, ದೇಶದ ಹಳ್ಳಿ ಮಕ್ಕಳ ಓದಿನ ಬಗ್ಗೆ ಮಾಡೋದು. 2024ರ ವರದಿಯಲ್ಲಿ 14ರಿಂದ 16 ವರ್ಷದ ಮಕ್ಕಳಿಗೆ ಫೋನ್ ಬಗ್ಗೆಯೂ ಕೇಳಿದ್ದರು. ಸ್ಮಾರ್ಟ್‌ಫೋನ್ ಬಳಸೋಕೆ ಬರುತ್ತೆ ಅಂದ ಮಕ್ಕಳಲ್ಲಿ ಹಿಂದಿನ ವಾರ ಓದಿಗೆ ಬಳಸಿದವರು ನೂರಕ್ಕೆ 57. ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ನೂರಕ್ಕೆ 76. ಮುತ್ಯಾ ಆಡು ಮಾರಿದ್ದು ಸಾಲಿಗೆ. ಬಂದದ್ದು ಎರಡೂ.

ಇದರಿಂದ ಹಾಳಾಗುತ್ತಿರೋದು ನನಗೆ ಅಂಗಡಿಯಲ್ಲೇ ಕಾಣುತ್ತೆ. ಮಕ್ಕಳ ಫೋನು ರಿಪೇರಿಗೆ ಬಂದರೆ ಹೆಚ್ಚಾಗಿ ಚಾರ್ಜಿಂಗ್ ಪಿನ್ ಹೋಗಿರುತ್ತೆ. ಚಾರ್ಜಿಗೆ ಹಾಕಿಕೊಂಡೇ ಮಲಗಿ ನೋಡುತ್ತಾ ಇರ್ತಾರೆ, ವೈರು ಬಗ್ಗಿ ಬಗ್ಗಿ ಪಿನ್ ಸಡಿಲ ಆಗುತ್ತೆ. ಜೊತೆಗೆ ಬಂದ ಅಪ್ಪನಿಗೆ ಸೆಟ್ಟಿಂಗ್ಸ್ ಒಳಗೆ ಹೋಗಿ ದಿನಕ್ಕೆ ಎಷ್ಟು ಗಂಟೆ ನೋಡಿದ್ದಾನೆ ಅಂತ ತೋರಿಸಿದರೆ ಅವರ ಮುಖ ನೋಡೋಕೆ ಆಗಲ್ಲ. ಆರು ತಾಸು, ಏಳು ತಾಸು. ರಾತ್ರಿ ಎರಡು ಗಂಟೆಯವರೆಗೆ. ಮಕ್ಕಳ ಕಣ್ಣು ನೋಡಿದರೇ ಗೊತ್ತಾಗುತ್ತೆ. ತಡವಿದರೆ ಸಿಟ್ಟು, ಇಲ್ಲ ಅಳು.

ಇದನ್ನ ನನ್ನಂಥ ಅಂಗಡಿಯವನು ಹೇಳಿದರೆ ಯಾರೂ ಕೇಳಲ್ಲ. ಆದ್ರೆ ಡಾಕ್ಟರ್ ವಿವೇಕ್ ಮೂರ್ತಿ ಹೇಳಿದ್ದಾರೆ. ಅವರ ಮನೆತನ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದು, ಅಮೆರಿಕದ ಸರ್ಜನ್ ಜನರಲ್, ಅಂದ್ರೆ ಜನರ ಆರೋಗ್ಯದ ಬಗ್ಗೆ ಅಲ್ಲಿನ ಸರ್ಕಾರದ ಮುಖ್ಯ ಡಾಕ್ಟರ್ ಆಗಿದ್ದವರು. ದಿನಕ್ಕೆ 3 ಗಂಟೆಗಿಂತ ಜಾಸ್ತಿ ಸೋಷಿಯಲ್ ಮೀಡಿಯಾದಲ್ಲಿ ಇರೋ ಹದಿಹರೆಯದವರಿಗೆ ಮನಸ್ಸಿನ ತೊಂದರೆ ಆಗೋ ಅಪಾಯ ಎರಡು ಪಟ್ಟು ಅಂತ 2023ರಲ್ಲಿ ಎಚ್ಚರಿಕೆ ಕೊಟ್ಟರು. 2024ರಲ್ಲಿ, ಸಿಗರೇಟ್ ಪ್ಯಾಕಿನ ಮೇಲೆ ಇದ್ದ ಹಾಗೆ ಇದಕ್ಕೂ ಎಚ್ಚರಿಕೆ ಬರಹ ಹಾಕಿ ಅಂತ ಕೇಳಿದರು. ನಮ್ಮ ನಿಮ್ಹಾನ್ಸ್‌ನಲ್ಲಿ ಫೋನಿನ ಚಟಕ್ಕೆ ಅಂತಲೇ 2014ರಿಂದ ಶಟ್ ಕ್ಲಿನಿಕ್ ಇದೆ. 2014ರಿಂದ! ನಾನಿನ್ನೂ ಮೆಮೊರಿ ಕಾರ್ಡಿಗೆ ಹಾಡು ತುಂಬಿಸುತ್ತಿದ್ದ ಕಾಲ ಅದು.

ಹಾಗಂತ ಎಲ್ಲವನ್ನೂ ಫೋನಿನ ತಲೆಗೆ ಕಟ್ಟೋದು ನನಗೆ ಒಪ್ಪಿಗೆ ಇಲ್ಲ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಕಲಬುರಗಿ ರಾಜ್ಯಕ್ಕೇ ಕೊನೆ, ನೂರಕ್ಕೆ 42.43. ಅದರ ಹಿಂದಿನ ವರ್ಷ ಕೊನೆಗೆ ಇದ್ದದ್ದು ಯಾದಗಿರಿ. ಫಲಿತಾಂಶ ಬಂದ ವಾರ ಅಂಗಡಿಗೆ ಬಂದವರೆಲ್ಲ "ಮೊಬೈಲಿನಿಂದಲೇ ಹುಡುಗರು ಹಾಳಾದರು" ಅಂತಿದ್ದರು. ಮೊದಲನೇ ಸ್ಥಾನ ದಕ್ಷಿಣ ಕನ್ನಡಕ್ಕೆ, 91.12. ಮಂಗಳೂರಿನ ಮಕ್ಕಳ ಕೈಯಲ್ಲಿ ಮೊಬೈಲ್ ಇಲ್ವಾ? ನಮ್ಮ ಕಡೆಗಿಂತ ಜಾಸ್ತಿನೇ ಇರಬಹುದು. ಗಣಿತಕ್ಕೆ ಮೇಷ್ಟ್ರು ಇಲ್ಲದ ಶಾಲೆ, ಅರ್ಧ ವರ್ಷ ಕಳೆದ ಮೇಲೆ ಬರೋ ಅತಿಥಿ ಶಿಕ್ಷಕರು, ತೊಗರಿ ಕೊಯ್ಲಿಗೆ ಶಾಲೆ ಬಿಡೋ ಮಕ್ಕಳು, ಇದನ್ನೆಲ್ಲ ಯಾರು ಲೆಕ್ಕ ಹಾಕುತ್ತಾರೆ? ಫೋನ್ ಬಂದ್ ಮಾಡಿದ ಮಾರನೇ ದಿನ ನಮ್ಮ ಜಿಲ್ಲೆ ಮೇಲೆ ಬರುತ್ತೆ ಅಂತ ಯಾರಾದರೂ ಹೇಳಿದರೆ ನಾನು ನಂಬಲ್ಲ. ಅದು ಸರ್ಕಾರಕ್ಕೆ ಬಹಳ ಸಲೀಸಾದ ಉತ್ತರ.

ಈಗ ಆಸ್ಟ್ರೇಲಿಯಾದ ವಿಷಯಕ್ಕೆ ಬರ್ತೀನಿ. ಎಲ್ಲರೂ ಅದನ್ನೇ ಹೇಳುತ್ತಾರೆ, ಆದ್ರೆ ಆ ಕಾನೂನಿನಲ್ಲಿ ಏನಿದೆ ಅಂತ ಪೂರ್ತಿ ಹೇಳಲ್ಲ. 2024ರ ನವೆಂಬರ್‌ನಲ್ಲಿ ಪಾಸ್ ಮಾಡಿದರು. 2025ರ ಡಿಸೆಂಬರ್ 10ರಿಂದ ಜಾರಿಗೆ ಬಂತು. 16 ವರ್ಷದ ಒಳಗಿನವರಿಗೆ ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಸ್ನ್ಯಾಪ್‌ಚಾಟ್, ಟಿಕ್‌ಟಾಕ್, ಯೂಟ್ಯೂಬ್ ಇಂಥವುಗಳಲ್ಲಿ ಖಾತೆ ಇರಬಾರದು. ವಾಟ್ಸಾಪ್ ಇದರಲ್ಲಿ ಸೇರಿಲ್ಲ. ಮಗು ಸುಳ್ಳು ಹೇಳಿ ಖಾತೆ ಮಾಡಿದರೆ ಮಗುವಿಗೆ ಶಿಕ್ಷೆ ಇಲ್ಲ. ಅಪ್ಪ ಅಮ್ಮನಿಗೂ ಇಲ್ಲ. ದಂಡ ಕಟ್ಟಬೇಕಾದವರು ಕಂಪನಿಯವರು, 4 ಕೋಟಿ 95 ಲಕ್ಷ ಆಸ್ಟ್ರೇಲಿಯನ್ ಡಾಲರ್‌ವರೆಗೆ. ಅಂದ್ರೆ ಹುಟ್ಟಿದ ವರ್ಷ ಸರಿ ಇದೆಯಾ ಅಂತ ನೋಡೋ ಜವಾಬ್ದಾರಿ ಅವರದು. ಬರೀ ಸರ್ಕಾರಿ ಗುರುತಿನ ಚೀಟಿಯನ್ನೇ ಕೊಡಿ ಅಂತ ಪಟ್ಟು ಹಿಡಿಯೋ ಹಾಗೂ ಇಲ್ಲ, ಬೇರೆ ದಾರಿನೂ ಇಡಬೇಕು.

ಇದನ್ನ ಓದಿದಾಗ ನನಗೆ ಸಮಾಧಾನ ಆಯ್ತು. ಯಾಕೆ ಅಂತ ಹೇಳೋಕೆ ಇನ್ನೊಂದು ಘಟನೆ ಹೇಳಬೇಕು.

ಹೋದ ವರ್ಷ ಒಂದು ಮಧ್ಯಾಹ್ನ ಇಬ್ಬರು ಹುಡುಗಿಯರು ಬಂದರು. ಶಾಲೆಯ ಯೂನಿಫಾರಂನಲ್ಲೇ ಇದ್ದರು. ಗ್ಲಾಸ್ ಹಾಕಿಕೊಡಿ ಅಂದರು. ಫೋನ್ ನೋಡಿದರೆ ಗ್ಲಾಸ್ ಚೆನ್ನಾಗೇ ಇದೆ. ಅಂಗಡಿಯಲ್ಲಿದ್ದ ಬೇರೆ ಗಿರಾಕಿ ಹೋಗೋವರೆಗೆ ಸುಮ್ನೆ ನಿಂತರು. ಆಮೇಲೆ ಒಬ್ಬಳು ಮೆಲ್ಲಗೆ ಹೇಳಿದಳು. ಅವಳ ಫೋಟೋ ಹಾಕಿ ಯಾರೋ ಅವಳ ಹೆಸರಲ್ಲಿ ಐಡಿ ಮಾಡಿದ್ದಾರೆ. ಅದರಿಂದ ಊರಿನ ಹುಡುಗರಿಗೆಲ್ಲ ಕೆಟ್ಟ ಮೆಸೇಜ್ ಹೋಗುತ್ತಿದೆ. ಫೋನ್ ಅವಳ ಅಣ್ಣನದು. ಮನೆಯಲ್ಲಿ ಹೇಳವ್ವ ಅಂದೆ.

"ಮನ್ಯಾಗ ಗೊತ್ತಾದ್ರ ಸಾಲಿ ಬಿಡಸ್ತಾರ್ರೀ ಅಣ್ಣಾ."

ಅವಳು 10ನೇ ತರಗತಿ. ನಮ್ಮ ಭಾಗದಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ಬಿಡಿಸಿದರು ಅಂದ್ರೆ ಮುಂದೆ ಏನಾಗುತ್ತೆ ಅಂತ ಇಲ್ಲಿಯವರಿಗೆ ಗೊತ್ತು. ಬಾಲ್ಯವಿವಾಹ ಇನ್ನೂ ನಿಂತಿಲ್ಲ.

ಆ ಐಡಿಯ ಸ್ಕ್ರೀನ್‌ಶಾಟ್ ತೆಗೆಸಿದೆ. ರಿಪೋರ್ಟ್ ಹೇಗೆ ಮಾಡೋದು ಅಂತ ತೋರಿಸಿದೆ. 1098ಕ್ಕೆ ಫೋನ್ ಮಾಡಬಹುದು, ಅದು ಮಕ್ಕಳ ಸಹಾಯವಾಣಿ ಅಂತ ಬರೆದುಕೊಟ್ಟೆ. ಸೈಬರ್ ದೂರಿಗೆ 1930 ಇದೆ ಅಂತಲೂ ಹೇಳಿದೆ. ಐದಾರು ದಿನಕ್ಕೆ ಆ ಐಡಿ ಹೋಯಿತು. ಅವಳು ಮತ್ತೆ ಬರಲಿಲ್ಲ. ಜೊತೆಗಿದ್ದ ಹುಡುಗಿ ಒಮ್ಮೆ ಬಂದು ಪರೀಕ್ಷೆ ಬರೆದಳು ಅಂತ ಹೇಳಿ ಹೋದಳು.

ಈಗ ಯೋಚನೆ ಮಾಡಿ. 16ರ ಒಳಗೆ ಖಾತೆ ಇಟ್ಟುಕೊಳ್ಳೋದೇ ಅಪರಾಧ, ಸಿಕ್ಕಿಬಿದ್ದರೆ ಮನೆಯವರಿಗೆ ನೋಟಿಸು, ಶಾಲೆಯಿಂದ ಹೊರಗೆ ಅನ್ನೋ ಥರ ಕಾನೂನು ಬಂದರೆ ಆ ಹುಡುಗಿ ನನ್ನ ಅಂಗಡಿಗೂ ಬರುತ್ತಿರಲಿಲ್ಲ. ಯಾರಿಗೂ ಹೇಳುತ್ತಿರಲಿಲ್ಲ. ಮೆಸೇಜ್ ಕಳಿಸುತ್ತಿದ್ದವನಿಗೆ ಇನ್ನೂ ಧೈರ್ಯ ಬರುತ್ತಿತ್ತು, "ನೀನೂ ತಪ್ಪು ಮಾಡೀದಿ, ಹೇಳ್ತೀನಿ ನೋಡು" ಅಂತ ಹೆದರಿಸೋಕೆ.

ಇನ್ನೊಂದು ಮಾತು. ಅದೇ ಅಸರ್ ವರದಿಯಲ್ಲಿ ಫೋನ್ ಬಳಸೋಕೆ ಬರೋ ಆ ವಯಸ್ಸಿನ ಹುಡುಗರಲ್ಲಿ ಸ್ವಂತ ಫೋನ್ ಇರೋರು ನೂರಕ್ಕೆ 36.2, ಹುಡುಗಿಯರಲ್ಲಿ 26.9. ಈಗಲೇ ಹೀಗಿದೆ. ಬಂದ್ ಅಂತ ಸುದ್ದಿ ಬಂದ ದಿನ ಮನೆಯಲ್ಲಿ ಮೊದಲು ಯಾರ ಕೈಯಿಂದ ಫೋನ್ ಕಸಿದುಕೊಳ್ಳುತ್ತಾರೆ? ಅಣ್ಣನಿಗೆ ಎರಡು ಬೈಗುಳ ಬೀಳುತ್ತೆ. ತಂಗಿಗೆ ಯೂಟ್ಯೂಬಿನ ವಿಜ್ಞಾನದ ಪಾಠವೂ ಇಲ್ಲ, ಗೆಳತಿ ಜೊತೆ ಮಾತೂ ಇಲ್ಲ. ನಾನು ಇದನ್ನ ಊಹೆ ಮಾಡಿ ಹೇಳುತ್ತಿಲ್ಲ. "ಇಕಿ ಫೋನಾಗ ಎಲ್ಲಾ ತಗದು ಬರೇ ಫೋನ್ ಬರೋ ಹಂಗ ಮಾಡಿಕೊಡ್ರಿ" ಅಂತ ಮಗಳ ಫೋನ್ ತಂದುಕೊಟ್ಟ ತಂದೆಯರು ಬಹಳ. ಮಗನ ಫೋನ್ ಹಾಗೆ ತಂದವರು ಇಷ್ಟು ವರ್ಷದಲ್ಲಿ ಇಬ್ಬರೋ ಮೂವರೋ.

ಹಾಗಾದ್ರೆ ಬಂದ್ ಬೇಡ ಅಂತೀಯಾ ಅಂತ ನೀವು ಕೇಳಬಹುದು. ಇಲ್ಲ. 16ರವರೆಗೆ ಈ ಆ್ಯಪ್‌ಗಳಲ್ಲಿ ಖಾತೆ ಬೇಡ ಅಂತಲೇ ನಾನು ಹೇಳೋದು. ಹೇಳುತ್ತಿರೋದು ಇದೇ ವ್ಯಾಪಾರದಲ್ಲಿ ಹೊಟ್ಟೆ ಹೊರೆಯೋನು, ನೆನಪಿಡಿ. ಆದ್ರೆ ಕಾನೂನಿನ ಕೈ ಹಿಡಿಯಬೇಕಾದ್ದು ಕಂಪನಿಯ ಕಾಲರ್. ಮಗುವಿನದಲ್ಲ.

ನಮ್ಮ ಹೈಕೋರ್ಟು 2023ರ ಸೆಪ್ಟೆಂಬರ್‌ನಲ್ಲೇ ಒಂದು ಕೇಸಿನ ವಿಚಾರಣೆಯಲ್ಲಿ ಇದನ್ನ ಎತ್ತಿತ್ತು. ಶಾಲೆ ಮಕ್ಕಳಿಗೆ ಇದು ಚಟ ಆಗಿದೆ, ಮದ್ಯಕ್ಕೆ ಇರೋ ಹಾಗೆ 21 ವರ್ಷ ಅಂತ ಮಿತಿ ಇಟ್ಟರೆ ಒಳ್ಳೆಯದು ಅಂತ ನ್ಯಾಯಮೂರ್ತಿಗಳು ಹೇಳಿದ್ದರು. 21 ನನಗೆ ಜಾಸ್ತಿ ಅನ್ನಿಸುತ್ತೆ. 18ಕ್ಕೆ ಓಟು ಹಾಕೋ ಹುಡುಗನಿಗೆ ಮಾತಾಡೋ ಜಾಗ ಬೇಡವೇ? 2025ರ ಏಪ್ರಿಲ್‌ನಲ್ಲಿ 13ರ ಒಳಗಿನವರಿಗೆ ಬಂದ್ ಮಾಡಿ ಅಂತ ಸುಪ್ರೀಂ ಕೋರ್ಟಿಗೆ ಅರ್ಜಿ ಹೋದಾಗ, ಇದು ನೀತಿ ಮಾಡುವವರ ಕೆಲಸ, ಅವರನ್ನೇ ಕೇಳಿ ಅಂತ ಕಳಿಸಿತು.

ನೀತಿ ಮಾಡುವವರು ಒಂದು ಮಾಡಿದ್ದಾರೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಕಾನೂನು. ಅದರ ಪ್ರಕಾರ 18ರ ಒಳಗಿನವರೆಲ್ಲ ಮಕ್ಕಳೇ. ಅವರ ಮಾಹಿತಿ ತಗೊಳ್ಳಬೇಕು ಅಂದ್ರೆ ಅಪ್ಪ ಅಥವಾ ಅಮ್ಮನ ಒಪ್ಪಿಗೆ ಬೇಕು, ಅದು ಖಾತ್ರಿ ಆಗಬೇಕು. ಮಗು ಏನು ನೋಡುತ್ತೆ ಅಂತ ಹಿಂಬಾಲಿಸಿ ಜಾಹೀರಾತು ತೋರಿಸೋ ಹಾಗಿಲ್ಲ. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಕಂಪನಿಗಳಿಗೆ ತಯಾರಿಗೆ 18 ತಿಂಗಳು ಕೊಟ್ಟಿದ್ದಾರೆ. ಕಾಗದದ ಮೇಲೆ ಇದು ಬಹಳ ಗಟ್ಟಿ ಕಾನೂನು.

ಆದ್ರೆ ಇದನ್ನ ಬರೆದವರ ಮನಸ್ಸಿನಲ್ಲಿ ಇದ್ದ ಮನೆ ಎಂಥದ್ದು ಅಂತ ನನಗೆ ಯೋಚನೆ. ಅಪ್ಪನಿಗೊಂದು ಫೋನ್, ಅಮ್ಮನಿಗೊಂದು, ಮಗುವಿಗೊಂದು ಇರೋ ಮನೆ ಅದು. ನಮ್ಮ ಕಡೆ ಮನೆಗೆಲ್ಲ ಒಂದೇ ಫೋನ್ ಇರೋದು ಸಾಮಾನ್ಯ. ಸಿಮ್ ಅಪ್ಪನ ಆಧಾರ್ ಮೇಲೆ. ಅಪ್ಪ ಮುಂಬೈನಲ್ಲಿ, ಅಮ್ಮನೂ ಜೊತೆಗೆ ಹೋಗಿರ್ತಾಳೆ, ಮಗು ಆಯಿ ಹತ್ತಿರ. ಒಪ್ಪಿಗೆಯ ಓಟಿಪಿ ಬರೋದು ಆಯಿ ಕೈಯಲ್ಲಿರೋ ಫೋನಿಗೆ. ಆಯಿಗೆ ಓದೋಕೆ ಬರಲ್ಲ, ಓದಿ ಹೇಳೋನು ಅದೇ ಮೊಮ್ಮಗ. ಇಂಥ ಮನೆಗೆ ವಯಸ್ಸು ಖಾತ್ರಿ ಮಾಡೋದು ಹೇಗೆ ಅಂತ ಕಂಪನಿಯವರು ಇಲ್ಲಿಗೆ ಬಂದು ನೋಡಬೇಕು. ಸುಮ್ನೆ ಒಂದು ಟಿಕ್ ಹಾಕೋ ಜಾಗ ಕೊಟ್ಟರೆ ನನ್ನಂಥ ಅಂಗಡಿಯವರು ಹತ್ತು ರೂಪಾಯಿಗೆ ಟಿಕ್ ಹಾಕಿಕೊಡುತ್ತಾರೆ.

ಅದೇ ಕಾರಣಕ್ಕೆ ವಾಟ್ಸಾಪ್ ಮುಟ್ಟಬೇಡಿ ಅಂತಲೂ ಕೇಳ್ತೀನಿ. ಸಂಜೆ ಆದ ಮೇಲೆ ಮುಂಬೈಯಿಂದ ಅವ್ವನ ಮುಖ ಕಾಣೋದು ಅದರಲ್ಲಿ ಮಾತ್ರ.

ಬರೀ ಬಂದ್ ಅಂದ್ರೆ ಏನಾಗುತ್ತೆ ಅಂತ ನಾವು ಒಮ್ಮೆ ನೋಡಿದ್ದೇವೆ. 2020ರ ಜೂನ್ 29ಕ್ಕೆ ಟಿಕ್‌ಟಾಕ್ ಸೇರಿ 59 ಆ್ಯಪ್ ಬಂದ್ ಆದವು. ಜುಲೈನಲ್ಲಿ ರೀಲ್ಸ್ ಬಂತು. ನನ್ನ ಅಂಗಡಿಗೆ ಬರೋ ಹುಡುಗರು ಹದಿನೈದು ದಿನವೂ ಖಾಲಿ ಕೂರಲಿಲ್ಲ. ಬೆರಳಿನಿಂದ ಮೇಲಕ್ಕೆ ತಳ್ಳಿದರೆ ಮುಗಿಯದೇ ಬರೋ ವಿಡಿಯೋ ಇರೋವರೆಗೆ ಆ್ಯಪಿನ ಹೆಸರು ಯಾವುದಾದರೇನು? ಅಪ್ಪಣೆ ಇಲ್ಲದೆ ತಾನೇ ಮುಂದಿನ ವಿಡಿಯೋ ಹಾಕೋದು, ರಾತ್ರಿ ಹನ್ನೆರಡಕ್ಕೆ ಟಿಂಗ್ ಅಂತ ಎಬ್ಬಿಸೋದು, ಗೊತ್ತಿಲ್ಲದವನನ್ನ ಮಗುವಿನ ಮುಂದೆ ತಂದು ನಿಲ್ಲಿಸೋದು. ಇವನ್ನ ಮಾಡಿದವರು ಯಾರು? ಇನ್‌ಸ್ಟಾಗ್ರಾಂ ನಡೆಸೋ ಮೆಟಾ ಕಂಪನಿಯಲ್ಲಿ ಕೆಲಸ ಮಾಡಿದ್ದ ಫ್ರಾನ್ಸಿಸ್ ಹಾಗೆನ್ 2021ರಲ್ಲಿ ಒಳಗಿನ ಕಾಗದಪತ್ರ ಹೊರಗೆ ಹಾಕಿದರು. ತಮ್ಮ ಮೈ ಬಗ್ಗೆ ಬೇಜಾರಿದ್ದ ಹುಡುಗಿಯರಲ್ಲಿ ನೂರಕ್ಕೆ 32 ಮಂದಿ, ಇನ್‌ಸ್ಟಾಗ್ರಾಂ ನೋಡಿದ ಮೇಲೆ ಆ ಬೇಜಾರು ಇನ್ನೂ ಹೆಚ್ಚಾಯಿತು ಅಂದಿದ್ದು ಆ ಕಂಪನಿಯದೇ ಅಧ್ಯಯನದಲ್ಲಿತ್ತು. ಅವರಿಗೆ ಗೊತ್ತಿತ್ತು. ನನಗೆ ಸಿಟ್ಟು ಬರೋದು ಇಲ್ಲಿ. ನಾನು ಗೊತ್ತಿಲ್ಲದೆ 1998 ಅಂತ ಹಾಕಿದೆ. ಅವರು ಗೊತ್ತಿದ್ದೂ ಒಳಗೆ ಬಿಟ್ಟುಕೊಂಡರು. 11 ವರ್ಷದ ಮಗು ಏನು ನೋಡುತ್ತೆ, ಎಷ್ಟು ಹೊತ್ತಿಗೆ ನೋಡುತ್ತೆ ಅನ್ನೋದೆಲ್ಲ ತಿಳಿಯೋ ಕಂಪನಿಗೆ ಅದು 26 ವರ್ಷದ ಹೆಂಗಸಲ್ಲ ಅಂತ ಮಾತ್ರ ತಿಳಿಯಲ್ಲವಾ?

ಕಾನೂನು ಬರಲಿ, ಬೇಗ ಬರಲಿ. ಅಲ್ಲಿಯವರೆಗೆ ನಾನು ಮಾಡಿದ್ದನ್ನ ನಾನೇ ಸರಿ ಮಾಡಬೇಕು. ಮಗಳ ಆ ಐಡಿಯನ್ನ ಅವಳನ್ನ ಪಕ್ಕದಲ್ಲಿ ಕೂರಿಸಿಕೊಂಡೇ ತೆಗೆದೆ. ಯಾಕೆ ಅಂತ ಹೇಳಿದೆ. ಮೊದಲು ವರ್ಷ ತಪ್ಪು ಹಾಕಿದ್ದು ನಾನು, ನಿನ್ನದೇನೂ ತಪ್ಪಿಲ್ಲ ಅಂತಲೂ ಹೇಳಿದೆ. ಎರಡು ದಿನ ಮಾತು ಬಿಟ್ಟಿದ್ದಳು. ಈಗ 8ನೇ ತರಗತಿ, 13 ತುಂಬಿದೆ. 16 ಆದ ಮೇಲೆ ಇಬ್ಬರೂ ಕೂತು ಮಾಡೋಣ ಅಂತ ಒಪ್ಪಂದ ಆಗಿದೆ. ಗೆಳತಿಯರೆಲ್ಲ ಇದ್ದಾರೆ, ನಾನೊಬ್ಬಳೇ ಇಲ್ಲ ಅಂತ ಆಗಾಗ ಕಣ್ಣೀರು ಹಾಕುತ್ತಾಳೆ. ಅದು ನಿಜವಾದ ನೋವು, ನಾನು ಹಗುರವಾಗಿ ತಗೊಳ್ಳಲ್ಲ. ಎಲ್ಲರಿಗೂ ಒಂದೇ ಕಾನೂನು ಬೇಕು ಅಂತ ನಾನು ಕೇಳೋದಕ್ಕೆ ಅದೂ ಒಂದು ಕಾರಣ. ಆಗ ಯಾವ ಮಗುವೂ ಒಬ್ಬಂಟಿ ಆಗಲ್ಲ.

ಅಂಗಡಿಯಲ್ಲಿ ಈಗ ಸಣ್ಣ ಮಕ್ಕಳಿಗೆ ಐಡಿ ಮಾಡಿಕೊಡಲ್ಲ. ಈ ಹಿಂದೆ ನನ್ನ ಹತ್ತಿರ ಮಾಡಿಸಿಕೊಂಡು ಹೋದವರು ಇದನ್ನ ಓದುತ್ತಿದ್ದರೆ ದಯವಿಟ್ಟು ಬನ್ನಿ. ಹುಟ್ಟಿದ ವರ್ಷ ಸರಿ ಮಾಡಿಕೊಡ್ತೀನಿ. 13ರ ಒಳಗಿದ್ದರೆ ಖಾತೆ ತೆಗೆದುಕೊಡ್ತೀನಿ. ರಾತ್ರಿ ಹೊತ್ತು ತಾನೇ ಬಂದ್ ಆಗೋ ಹಾಗೆ ಫೋನ್ ಸೆಟ್ ಮಾಡಿಕೊಡ್ತೀನಿ. ದುಡ್ಡು ಬೇಡ. ಆದ್ರೆ ಫೋನ್ ಒಂದನ್ನೇ ತರಬೇಡಿ, ಮಗುವನ್ನೂ ಕರ್ಕೊಂಡು ಬನ್ನಿ, ಅದರ ಮುಂದೆಯೇ ಮಾಡೋಣ. ಮಗಳದು ತಂದರೆ ಮಗನದೂ ತನ್ನಿ. ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿ ಇರಲ್ಲ, ಉಳಿದ ದಿನ ರಾತ್ರಿ ಒಂಬತ್ತರವರೆಗೆ ಇರ್ತೀನಿ.